ಬೂಷ್ಟು ಮೆಚ್ಚಿದ ಬೋಜಮ್ಮ ಟೀಚರ್

ಬೂಷ್ಟು ಹಿಡಿದ ಪದಾರ್ಥ ಕಂಡರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಬೋಜಮ್ಮ ಟೀಚರ್ ಕನ್ನಡಕ ಹಾಕಿಕೊಳ್ಳುತ್ತಿದ್ದರು.

ಪೊನ್ನಂಪೇಟೆ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಗರಿಗರಿ ಹತ್ತಿ ಸೀರೆ, ನಗದ ಮುಖ. ಒಮ್ಮೆ ದಸರಾ ರಜೆ ಮುಗಿಸಿ ಬಂದ ಹೆಡ್‌ಮಾಸ್ಟರು ಬೀರುವಿನಲ್ಲಿ ಮರೆತುಹೋಗಿದ್ದ ತಮ್ಮ ಟಿಫಿನ್ ಡಬ್ಬಿ ತೆರೆದು ಕಿರುಚಿದರು. ಅವರು ತೊಳೆಯಲು ನೀರು ಹುಡುಕುವಷ್ಟರಲ್ಲಿ ಡಬ್ಬಿ ನಮ್ಮ ಕ್ಲಾಸಿನ ಮೇಜಿನ ಮೇಲಿತ್ತು. ಅಕ್ಕಿರೊಟ್ಟಿಯ ಮೇಲೆ ಹಸಿರು ತುಪ್ಪಳ ಬೆಳೆದಿತ್ತು.

"ನೋಡಿ ಮಕ್ಕಳೇ, ಇದೂ ಅಣಬೆಯ ಜಾತಿಯೇ. ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಎಲೆಯ ಹಾಗೆ ಬಿಸಿಲಲ್ಲಿ ಅಡುಗೆ ಮಾಡ್ಲಿಕ್ಕೂ ಬರೂದಿಲ್ಲ. ನಾವು ಊಟವನ್ನು ಒಳಗೆ ಹಾಕಿ ಕರಗಿಸ್ತೇವೆ. ಇದು ಊಟದ ಮೇಲೇ ರಸ ಬಿಡ್ತದೆ, ಹೊರಗೇ ಕರಗಿಸ್ತದೆ, ಆಮೇಲೆ ಹೀರಿಕೊಳ್ತದೆ. ಹೆಡ್‌ಮಾಸ್ಟರ ರೊಟ್ಟಿಯನ್ನು ಎಷ್ಟು ಚಂದ ಉಂಡಿದೆ!"

ಹೆಡ್‌ಮಾಸ್ಟರು ಡಬ್ಬಿಯ ಮುಚ್ಚಳ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಬೋಜಮ್ಮ ಟೀಚರಷ್ಟು ಇಷ್ಟವಾದವರು ನನಗೆ ಇನ್ನೊಬ್ಬರಿಲ್ಲ.

ಟೀಚರ್ ಮದುವೆಯಾಗದೆ, ತಮ್ಮನಾದ ಮುತ್ತಣ್ಣನವರ ಜೊತೆ ನಮ್ಮ ಪಕ್ಕದ ತೋಟದಲ್ಲೇ ಇದ್ದರು. ಮಳೆ ಹಿಡಿದಾಗ ಅವರು ಮಾಡುವ ಅಣಬೆ ಸಾರಿಗೆ ಮುತ್ತಣ್ಣ ವರ್ಷವಿಡೀ ಕಾಯುತ್ತಿದ್ದರು. ನಿವೃತ್ತಿಯಾದ ಮೇಲೆ, ಕಾಯಿಲೆ ಕೈಮೀರಿದ್ದು ತಿಳಿದಾಗ, ತಮ್ಮನನ್ನು ಕೂರಿಸಿ ಹೇಳಿದರು: ತನ್ನನ್ನು ಸುಡಬಾರದು, ತೋಟದಲ್ಲೇ ಮಣ್ಣು ಮಾಡಬೇಕು.

"ಅಪ್ಪನನ್ನು ಸುಟ್ಟಿದ್ದೇವೆ, ಅಮ್ಮನನ್ನು ಸುಟ್ಟಿದ್ದೇವೆ. ನಿನಗೆಂಥದ್ದು ಬೇರೆ?"

"ಇಷ್ಟು ವರ್ಷ ನಾನು ಅಣಬೆ ತಿಂದೆ. ಒಂದು ಸಲ ಅದೂ ಉಣ್ಣಲಿ. ಬೂದಿಯಲ್ಲಿ ಅದಕ್ಕೆ ಎಂಥ ಸಿಗ್ತದೆ?"

ಮುತ್ತಣ್ಣ ಒಪ್ಪಲಿಲ್ಲ. ಆ ಮಳೆಗಾಲ ಟೀಚರ ಒಲೆಯ ಮೇಲೆ ಹುರುಳಿ ಸಾರು ಬಿಟ್ಟು ಬೇರೇನೂ ಬೇಯಲಿಲ್ಲ. ಕೊನೆಗೆ ಮುತ್ತಣ್ಣ ನಮ್ಮ ಜಗಲಿಗೆ ಬಂದು ನನ್ನ ಹತ್ತಿರ, "ಒಪ್ಪಿದೆ ಮಾರಾಯ್ತಿ, ಹೊಟ್ಟೆ ಕೇಳ್ಬೇಕಲ್ಲ" ಎಂದರು. ಮಾರನೆಯ ದಿನ ಅಣಬೆ ಬೆಂದಿತು. ಟೀಚರ್ ಮಾಡಿದ ಕೊನೆಯ ಸಾರು ಅದೇ.

ಕೊಟ್ಟ ಮಾತಿನಂತೆ ಅವರನ್ನು ಕಾಫಿ ಗಿಡಗಳ ಬದಿಯಲ್ಲಿ ಹೂಳಿದರು. ನಂಟರು ಮುತ್ತಣ್ಣನವರ ಮುಖಕ್ಕೇ ಕೊಂಕು ನುಡಿದು ಹೋದರು. ಮುಂದಿನ ಮಳೆಗಾಲದಲ್ಲಿ ಮುತ್ತಣ್ಣ ದಿನಾ ಅಲ್ಲಿ ಹೋಗಿ ನಿಲ್ಲತೊಡಗಿದರು. ತೋಟದಲ್ಲೆಲ್ಲ ಅಣಬೆ ಎದ್ದಿದ್ದವು, ಅಲ್ಲಿ ಮಾತ್ರ ಇಲ್ಲ. ಒಂದು ದಿನ ನನ್ನನ್ನು ಕರೆದರು.

"ನೀನು ಅಕ್ಕನ ಕ್ಲಾಸಲ್ಲಿ ಕೂತವಳಲ್ವಾ? ಎಲ್ಲರ ಹತ್ರ ಬೈಸಿಕೊಂಡು ಇಲ್ಲಿ ಮಲಗಿಸಿದೆ. ಒಂದೂ ಏಳ್ಲಿಲ್ಲ. ಅವಳ ಆಸೆ ನಡೀಲಿಲ್ವಾ?"

"ಅಂಕಲ್, ಮೇಲೆ ಕಾಣೂ ಅಣಬೆ ಗಿಡದ ಹೂವಿನ ಹಾಗೆ, ಬಂದ್ರೆ ಬಂತು. ಮಣ್ಣೊಳಗೆ ನೂಲಿನ ಹಾಗೆ ಹರಡಿರ್ತದಲ್ಲ, ಉಣ್ಣೂದು ಅದು. ನಮಗೆ ಕಾಣೂದಿಲ್ಲ."

"ಹಾಗಾದ್ರೆ ಈಗ ಉಣ್ತಾ ಉಂಟಾ?"

"ಉಣ್ತಾ ಉಂಟು."

ಮುತ್ತಣ್ಣ ಸ್ವಲ್ಪ ಹೊತ್ತು ಮಣ್ಣನ್ನೇ ನೋಡಿದರು. ಆಮೇಲೆ ನನ್ನ ತೋಳು ಹಿಡಿದು ತಿರುಗಿಸಿದರು.

"ಬಾ, ಹೋಗುವ. ಉಣ್ಣುವಾಗ ನೋಡ್ತಾ ನಿಲ್ಲಬಾರದು."