ಇನ್ನೊಂದ್ಸಲ ಬಿಚ್ಚಿದ ಬ್ರೇಕು

ನಮ್ಮ ಭಾವನಿಗೆ ಹೆತ್ತವರು ಇಟ್ಟ ಹೆಸರೊಂದಿದೆ, ಆದರೆ ಬ್ಯಾಂಕಿನವರನ್ನು ಬಿಟ್ಟರೆ ಯಾರೂ ಅದರಿಂದ ಕರೆಯುವುದಿಲ್ಲ. ಬೀದಿಗೆಲ್ಲ ಅವರು 'ಇನ್ನೊಂದ್ಸಲ'. ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋದವರು, ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ ಎಂದು ವಾಪಸು ಬರುತ್ತಾರೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. "ನನ್ನನ್ನ ಒಪ್ಕೊಳ್ಳೋ ಮುಂಚೆನೂ ಇನ್ನೊಂದ್ಸಲ ನೋಡೋಕೆ ಬಂದಿದ್ರು. ಆಗ್ಲೇ ನಾನು ಓಡಿಹೋಗ್ಬೇಕಿತ್ತು" ಎಂದು ಅಕ್ಕ ಈಗಲೂ ಗೊಣಗುತ್ತಾಳೆ.

ಮನೆಯ ಹಿಂದೆಯೇ ಭಾವನ ತಗಡಿನ ಗ್ಯಾರೇಜು. ಅಕ್ಕ ಕೊಟ್ಟ ಚಹಾ ಟೂಲ್‌ಬಾಕ್ಸಿನ ಮೇಲೆ ಕೆನೆಗಟ್ಟಿ ಕೂತಿರುತ್ತದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ತರುವುದು ನನ್ನ ಕೆಲಸ. ಅವರಲ್ಲಿ ನಮ್ಮಮ್ಮನೂ ಒಬ್ಬಳು. ಆಸ್ಪತ್ರೆ ಇರುವುದು ದೊಡ್ಡ ಇಳಿಜಾರಿನ ಬುಡದಲ್ಲಿ. ಬ್ರೇಕ್ ಸರಿಯಿಲ್ಲದ ಗಾಡಿಯನ್ನು ಅಲ್ಲಿ ಇಳಿಸುವ ಹಾಗಿಲ್ಲ, ಅಮ್ಮನ ಡಯಾಲಿಸಿಸ್ ತಪ್ಪಿಸುವ ಹಾಗೂ ಇಲ್ಲ.

ಹೀಗಿರುವಾಗ ಒಂದು ದಿನ ಬ್ರೇಕ್ ಒತ್ತಿದರೆ ವ್ಯಾನಿನ ಸ್ಟೀರಿಂಗ್ ನಡುಗತೊಡಗಿತು. ಭಾವ ಮುಂದಿನ ಚಕ್ರ ಬಿಚ್ಚಿ, ಬ್ರೇಕ್ ಡಿಸ್ಕಿನ ಮೇಲೆ ಬೆರಳಾಡಿಸಿ, "ಸವೆದು ಅಂಚು ಎದ್ದಿದೆ ನೋಡು. ಎರಡೂ ಕಡೆ ಹೊಸದೇ ಹಾಕ್ಬೇಕು" ಎಂದರು.

"ನಾಳೆ ಬೆಳಿಗ್ಗೆ ಅಮ್ಮನ್ನ ಕರ್ಕೊಂಡ್ ಹೋಗ್ಬೇಕು ಭಾವ. ನಿಮ್ಮ ಇನ್ನೊಂದ್ಸಲ ಎಲ್ಲ ಇವತ್ತು ಬೇಡ."

"ಆಯ್ತು ಕಣಮ್ಮ."

ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಭಾವ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ, ಅದರ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಕಟ್ಟಿ ನೇತುಹಾಕಿದರು. ತುಕ್ಕು ಹಿಡಿದ ಹಳೇ ಡಿಸ್ಕು ಜಪ್ಪಯ್ಯ ಅಂದರೂ ಕದಲಲಿಲ್ಲ. ಸುತ್ತಿಗೆಯಿಂದ ಸುತ್ತಲೂ ತಟ್ಟಿ ತಟ್ಟಿ ಬಿಡಿಸಿದರು. ಆಮೇಲೆ ಅದು ಕೂತಿದ್ದ ಜಾಗವನ್ನು ಬ್ರಷ್ಷಿನಿಂದ ಉಜ್ಜತೊಡಗಿದರು. ಯಾರಿಗೂ ಕಾಣದ ಜಾಗಕ್ಕೆ ಇಷ್ಟು ಸಿಂಗಾರ ಯಾಕೆ ಎಂದು ನಾನು ತಲೆ ತಿಂದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಒರೆಸದೆ ಹಾಕಿದರೆ ಬ್ರೇಕ್ ಹಿಡಿಯುವುದಿಲ್ಲ. ಅದನ್ನು ಒರೆಸುವಾಗಲೂ ನನ್ನ ಬಾಯಿಗೆ ಬಿಡುವಿರಲಿಲ್ಲ.

ಸಂಜೆಗೆ ಎರಡೂ ಚಕ್ರ ಕೂತವು. ಪೆಡಲ್ ಗಟ್ಟಿಯಾಗುವ ತನಕ ಭಾವ ಒತ್ತಿ ಒತ್ತಿ ನೋಡಿದರು. ನಾನು ಕೀಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

"ಎಡಗಡೆ ಡಿಸ್ಕಿನ ಹಿಂಬದಿ ಒರೆಸಿದ್ನೋ ಇಲ್ವೋ ನೆನಪಾಗ್ತಿಲ್ಲ. ಇನ್ನೊಂದ್ಸಲ ಬಿಚ್ತೀನಿ."

ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ದೂರು ಕೊಡಲು ಹೋದೆ. ಭಾವ ಜಾಕ್ ಏರಿಸಿದರು.

ಸ್ವಲ್ಪ ಹೊತ್ತಿಗೆ ಅವರೇ ನನ್ನನ್ನು ಕರೆದು ಕೈಯಲ್ಲಿದ್ದ ಬಟ್ಟೆ ತೋರಿಸಿದರು. ಬಟ್ಟೆಯ ತುಂಬ ಎಣ್ಣೆ.

"ನಂದೇ ತಪ್ಪು. ನಾಳೆ ಇಳಿಜಾರಲ್ಲಿ ಗಾಡಿ ಒಂದು ಕಡೆ ಎಳ್ಕೊಂಡ್ ಹೋಗ್ತಿತ್ತು."

ಅವರು ಬಿಚ್ಚುವಾಗ ನಾನು ಆ ಕಡೆ ಬೆನ್ನು ಮಾಡಿ ನಿಂತಿದ್ದೆ. ಸದ್ದಿಲ್ಲದೆ ಒರೆಸಿ ಮುಚ್ಚಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ವಟವಟದಿಂದ ಮರೆತೆ ಎಂದಾದರೂ ಅನ್ನಬಹುದಿತ್ತು, ಅದನ್ನೂ ಅನ್ನಲಿಲ್ಲ. ಎಣ್ಣೆ ತಗುಲಿದ ಪ್ಯಾಡುಗಳನ್ನು ಬದಿಗಿಟ್ಟು ಬೇರೆ ಜೊತೆ ಹಾಕಿದರು. ನಾನು ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿದೆ. ಆಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕುತ್ತಾ ಬಿಡುತ್ತಾ ಅವರೇ ಓಡಿಸಿ ನೋಡಿ, ಕೀ ಕೊಟ್ಟರು.

ಮರುದಿನ ಮೊದಲ ಸುತ್ತಿನಲ್ಲಿ ಅಮ್ಮನೊಬ್ಬಳೇ ಇದ್ದಳು. ಇಳಿಜಾರಿನ ನಡುವೆ, ಪಕ್ಕದ ಗಲ್ಲಿಯಿಂದ ಕಬ್ಬಿಣ ಹೇರಿದ ಲಾರಿಯೊಂದು ಹಿಂದುಮುಂದು ನೋಡದೆ ರಿವರ್ಸ್ ಬಂತು. ಬ್ರೇಕ್ ಒತ್ತಿದೆ. ವ್ಯಾನು ಅತ್ತಿತ್ತ ಎಳೆಯದೆ ನೆಟ್ಟಗೆ ನಿಂತಿತು. ಹೊರಚಾಚಿದ ಕಬ್ಬಿಣಕ್ಕೂ ನಮ್ಮ ಗಾಜಿಗೂ ನಡುವೆ ಒಬ್ಬರು ಮಗ್ಗುಲಾಗಿ ತೂರುವಷ್ಟು ಜಾಗ ಉಳಿದಿತ್ತು. ಅಮ್ಮ ಕಣ್ಣು ಬಿಟ್ಟು, "ಆಸ್ಪತ್ರೆ ಬಂತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ನಿದ್ದೆಗೆ ಜಾರಿದಳು.

ಗಾಡಿಯನ್ನು ಬದಿಗೆ ಹಾಕಿ ಭಾವನಿಗೆ ಫೋನ್ ಮಾಡಿದೆ. ಆ ಮನುಷ್ಯನ ಋಣ ನಾನು ಹೇಗೆ ತೀರಿಸಲಿ ಎಂದು ಎದೆ ತುಂಬಿ ಬಂದಿತ್ತು.

"ಭಾವ, ಇಳಿಜಾರಲ್ಲಿ ಲಾರಿ ಅಡ್ಡ ಬಂತು. ಬ್ರೇಕ್ ಹಿಡೀತು."

ಆ ಕಡೆಯಿಂದ ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿಸಿತು.

"ಅತ್ತೆ?"

"ನಿದ್ದೆ ಮಾಡ್ತಿದಾಳೆ."

"ಎಬ್ಬಿಸ್ಬೇಡ" ಎಂದರು ಭಾವ. "ಮಲಗ್ಲಿ ಬಿಡು."