ಕಾರಿನ ಮೇಲ್ಕಟ್ಟು

ಹದಿನೆಂಟು ವರ್ಷ ಒಂದೇ ಕಾರಿನಲ್ಲಿ ಓಡಾಡಿದ್ದೇನೆ. ಅದರೊಳಗೆ ನನ್ನ ತಲೆಯ ಮೇಲೆ ಒಂದು ಬಟ್ಟೆ ಇದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಮಾತ್ರ ಅದು ತಲೆಗೆ ತಾಗತೊಡಗಿದ ಮೇಲೆ. ನಗಬೇಡಿ. ನಿಮ್ಮ ಕಾರಿನ ಒಳಮಾಡಿನ ಬಣ್ಣ ಯಾವುದೆಂದು ಈಗ ಇಲ್ಲಿಯೇ ಕೂತು ಹೇಳಿ ನೋಡೋಣ. ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದೇ ಪ್ರಶ್ನೆ ಕೇಳಿದೆ. ಕಾರಿದ್ದ ನಾಲ್ವರಲ್ಲಿ ಮೂವರು ತಲೆ ಕೆರೆದುಕೊಂಡರು, ನಾಲ್ಕನೆಯವರು ಎದ್ದು ಹೋಗಿ ನೋಡಿಕೊಂಡು ಬಂದರು.

ಆ ಬಟ್ಟೆಗೆ ಕನ್ನಡದಲ್ಲಿ ಏನನ್ನುತ್ತಾರೆಂದು ನಿಘಂಟು ತೆಗೆದೆ. ನಾನು ಗಣಿತದ ಮೇಷ್ಟ್ರು. ಕೆಲಸ ಮಾಡಲು ಮನಸ್ಸಿಲ್ಲದಾಗ ಅದರ ಹೆಸರು ಹುಡುಕುವುದು ನನ್ನ ಹಳೆಯ ಚಾಳಿ. ‘ಮೇಲ್ಕಟ್ಟು’ ಎಂಬ ಸೊಗಸಾದ ಪದ ಸಿಕ್ಕಿತು. ಹಿಂದೆ ರಾಜರ ಸಿಂಹಾಸನದ ಮೇಲೆ ಹಿಡಿದು ಕಟ್ಟುತ್ತಿದ್ದ ಬಟ್ಟೆಯಂತೆ. ಅಂದಿನಿಂದ ಕಾರಿನಲ್ಲಿ ಸ್ವಲ್ಪ ನೆಟ್ಟಗೆ ಕೂರತೊಡಗಿದೆ. ಹಾಗೆ ಕೂತರೆ ತಲೆ ಇನ್ನೂ ಜಾಸ್ತಿ ತಾಗುತ್ತಿತ್ತು.

ಶುರುವಾದಾಗ ಅದು ಹಿಂದಿನ ಸೀಟಿನ ಮೇಲೆ ಊಟ ಮಾಡಿದ ಹೊಟ್ಟೆಯಷ್ಟು ಇಳಿದಿತ್ತು, ಅಷ್ಟೇ. ನಮ್ಮ ಕೊಟ್ಟೂರಿನ ಒಂದು ಬೇಸಿಗೆ ಕಳೆಯುವುದರೊಳಗೆ ಮುಂದಿನ ಸೀಟಿಗೂ ಬಂತು. ನಾನು ಸ್ಕೇಲು ಹಿಡಿದು ಅಳೆದೆ. ವಾರಕ್ಕೊಮ್ಮೆ ಅಳೆದೆ. ಅಳತೆ ಇಟ್ಟರೆ ಸಮಸ್ಯೆ ಹದ್ದುಬಸ್ತಿನಲ್ಲಿರುತ್ತದೆ ಎಂಬುದು ನಮ್ಮ ವೃತ್ತಿಯವರ ನಂಬಿಕೆ. ಆಮೇಲೆ ಹೆಂಡತಿ ಗಿರಿಜೆಯ ಸೀರೆಪಿನ್ನುಗಳನ್ನು ಕೇಳದೆ ತೆಗೆದುಕೊಂಡು ಅಲ್ಲಲ್ಲಿ ಚುಚ್ಚಿದೆ. ಬಟ್ಟೆಯ ಹಿಂದಿನ ಸ್ಪಂಜು ಆಗಲೇ ಒಣಗಿ ಹಳದಿ ಪುಡಿಯಾಗಿತ್ತು. ಪಿನ್ನು ಚುಚ್ಚಿದಲ್ಲೆಲ್ಲ ಆ ಪುಡಿ ಸಣ್ಣಗೆ ಉದುರತೊಡಗಿತು. ಗಿರಿಜೆಗೆ ನಾನು, “ಎಲ್ಲಾ ಸರಿ ಮಾಡೀನಿ” ಎಂದು ಹೇಳಿದೆ.

ಗಿರಿಜೆ ಕೊಟ್ಟೂರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಿಗಿಯಾದ ತುರುಬು, ಕಡಿಮೆ ಮಾತು. ಅವಳು ವರಾಂಡಕ್ಕೆ ಬಂದರೆ ಮಕ್ಕಳಿರಲಿ, ಶಿಕ್ಷಕರೂ ಅಂಗಿಯ ಗುಂಡಿ ನೋಡಿಕೊಳ್ಳುತ್ತಾರೆ. ಮಾಗಳದ ಶಾಲೆಯವರು ಅವಳನ್ನು ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆದರು. ಮೂರು ದಿನ ಕೂತು ಭಾಷಣ ಬರೆದಳು. ವಿಷಯ: ಶಿಸ್ತು.

ಆ ದಿನ ಇಬ್ಬರೂ ಕಾರಿನಲ್ಲಿ ಹೊರಟೆವು. ಹಡಗಲಿ ದಾಟಿ ಹೊಳೆಯ ಕಡೆಗೆ ತಿರುಗಿದ ಮೇಲೆ ರಸ್ತೆಯಲ್ಲಿ ಒಂದು ಹಂಪು ಬಂತು. ನಾನು ಗಿರಿಜೆ ಓದುತ್ತಿದ್ದ ಭಾಷಣದ ಮೂರನೆಯ ಪುಟ ಕೇಳುತ್ತಿದ್ದೆನಾದ್ದರಿಂದ ಅದನ್ನು ನೋಡಲಿಲ್ಲ. ಕಾರು ಎಗರಿತು, ಪಿನ್ನುಗಳು ಪಟಪಟನೆ ಕಿತ್ತು ಬಿದ್ದವು, ಮೇಲ್ಕಟ್ಟು ಇಡಿಯಾಗಿ ಕಳಚಿ ನಮ್ಮಿಬ್ಬರ ತಲೆಯ ಮೇಲೆ ಕೂತಿತು. ನನಗೆ ರಸ್ತೆ ಕಾಣಲಿಲ್ಲ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಬಟ್ಟೆ ಎತ್ತಿ ಹಿಡಿದು ನಿಧಾನವಾಗಿ ನಡೆಸಿದೆ. ಪಕ್ಕದಲ್ಲಿ ಬಟ್ಟೆಯ ಅಡಿ ಗಿರಿಜೆಯ ಮುಖ ಹೇಗಿತ್ತೋ ತಿಳಿಯಲಿಲ್ಲ. ಆ ಮಟ್ಟಿಗೆ ಆ ಬಟ್ಟೆ ನನಗೆ ಉಪಕಾರವನ್ನೇ ಮಾಡಿತು.

ಶಾಲೆಯ ಗೇಟಿನಲ್ಲಿ ಮಕ್ಕಳು ಎರಡು ಸಾಲಾಗಿ ಹೂವು ಹಿಡಿದು ನಿಂತಿದ್ದರು. ಬಾಗಿಲು ತೆರೆದವರಿಗೆ ಕಂಡದ್ದು ಮುಸುಕು ಹಾಕಿಕೊಂಡು ಕೂತ ಮುಖ್ಯ ಅತಿಥಿ. ಮುಸುಕು ತೆಗೆದರೆ ತುರುಬು, ಹುಬ್ಬು, ಹೆಗಲು ಎಲ್ಲ ಅರಿಸಿನ ಚೆಲ್ಲಿದಂತೆ ಹಳದಿ. ನಮ್ಮ ಕಡೆ ತಲೆಯ ಮೇಲೆ ಹಳದಿ ಪುಡಿ ಕಂಡರೆ ಜನ ಎರಡನೆಯ ಯೋಚನೆ ಮಾಡುವುದಿಲ್ಲ, ಅದು ಮೈಲಾರದ ದೇವರ ಭಂಡಾರದ ಅರಿಸಿನವೇ. ಕಂಬಳಿ ಹೊದ್ದು ನಿಂತಿದ್ದ ಒಬ್ಬ ಅಜ್ಜಿ ಮುಂದೆ ಬಂದು ಕೈಮುಗಿದಳು.

“ಮೈಲಾರಕ್ಕ ಹೋಗಿ ಬಂದ್ರೇನವ್ವಾ? ಚೊಲೊ ಆತು. ನಮಗೂ ಒಂಚೂರು ಭಂಡಾರ ಕೊಡ್ರಿ.”

ಗಿರಿಜೆ ಏನೂ ಅನ್ನುವ ಮೊದಲೇ ಅಜ್ಜಿ ಅವಳ ಹೆಗಲಿಂದ ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡಳು. ಹಿಂದಿದ್ದ ಇಬ್ಬರೂ ಹಚ್ಚಿಕೊಂಡರು. ಅಡ್ಡ ಬರಬೇಕೆಂದು ನನಗೆ ಅನ್ನಿಸಿತು. ಆದರೆ ಭಕ್ತಿಯಿಂದ ಹಚ್ಚಿಕೊಂಡವರಿಗೆ ಅದು ಸ್ಪಂಜೆಂದು ಹೇಳುವ ಧೈರ್ಯ ಬರಲಿಲ್ಲ. ಗಿರಿಜೆ ಹಳದಿ ತಲೆಯಲ್ಲೇ ವೇದಿಕೆ ಹತ್ತಿ ಶಿಸ್ತಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಪ್ರತಿ ವಾಕ್ಯ ಮುಗಿದಾಗಲೂ ನನ್ನ ಕಡೆಗೇ ನೋಡುತ್ತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಕಾರಿನ ಬಾಗಿಲು ತೆರೆದು ಹಿಡಿದೆ. ಅವಳು ಹತ್ತಲಿಲ್ಲ.

“ಇದರ ಮ್ಯಾಲಿನ ಬಟ್ಟಿ ನೆಟ್ಟಗ ಆಗೋತನಕ ನಾ ಈ ಗಾಡಿ ಹತ್ತಂಗಿಲ್ಲ” ಎಂದು ತಣ್ಣಗೆ ಹೇಳಿ, ಆ ಶಾಲೆಯವರ ಜೀಪಿನಲ್ಲಿ ಹಡಗಲಿಗೆ ಹೋಗಿ ಬಸ್ಸು ಹತ್ತಿದಳು.

ನಾನೂ ಅದೇ ಊರಿಗೆ ಅದೇ ರಸ್ತೆಯಲ್ಲಿ ಹೋಗಬೇಕಲ್ಲ. ಕಳಚಿದ ಬಟ್ಟೆಯನ್ನು ಹಿಂದಿನ ಸೀಟಿನ ಕಡೆಗೆ ತುರುಕಿ, ಬಸ್ಸಿನ ಹಿಂದೆಯೇ ಹೊರಟೆ. ಬಸ್ಸಿನ ಹಿಂಬದಿಯ ಗಾಜಿನಲ್ಲಿ ಅವಳ ತುರುಬು ಕಾಣುತ್ತಿತ್ತು. ದಾಟಿ ಮುಂದೆ ಹೋಗಬಹುದಿತ್ತು, ಮನಸ್ಸು ಬರಲಿಲ್ಲ. ಬಸ್ಸು ನಿಂತಲ್ಲೆಲ್ಲ ನಾನೂ ನಿಂತೆ. ಇಟ್ಟಿಗಿಯಲ್ಲಿ ಕಂಡಕ್ಟರ್ ಇಳಿದು ಬಂದು ಕಿಟಕಿಯಲ್ಲಿ ಬಗ್ಗಿದ.

“ಯಜಮಾನ್ರ, ಹಡಗಲಿಯಿಂದ ಹಿಂದನ ಬರಾಕ ಹತ್ತೀರಿ. ಏನಾಗೇತ್ರಿ?”

“ಮನಿಯವರು ನಿಮ್ಮ ಬಸ್ಸಿನಾಗ ಅದಾರ. ಬಟ್ಟಿ ಬಿದ್ದೈತಿ, ಅದಕ್ಕ ಸಿಟ್ಟಾಗ್ಯಾರ” ಎಂದೆ.

ಅವನು ನನ್ನ ಪ್ಯಾಂಟು ಅಂಗಿಯನ್ನು ಒಮ್ಮೆ ಪರೀಕ್ಷಿಸಿ, ಇನ್ನೇನೂ ಕೇಳದೆ ಸೀಟಿ ಊದಿದ.

ಮರುದಿನವೇ ಹುಸೇನ್‌ಸಾಬರ ಅಂಗಡಿಗೆ ಹೋದೆ. ಅವರು ಟ್ರ್ಯಾಕ್ಟರು, ಆಟೋ, ಬೈಕುಗಳ ಸೀಟು ಹೊಲಿಯುವವರು. ಕೊಟ್ಟೂರಿನ ಅರ್ಧ ಜನ ಅವರು ಹೊಲಿದದ್ದರ ಮೇಲೆಯೇ ಕೂರುತ್ತಾರೆ. ಕಾರಿನೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು.

“ಮಾಸ್ತರ, ನಾ ಇಷ್ಟು ವರ್ಷ ಕೆಳಗಿನ ಕೆಲಸ ಮಾಡೀನಿ. ಮ್ಯಾಲಿನ ಕೆಲಸ ಇದ ಮೊದಲು. ನೀವೂ ಕೈ ಹಚ್ಚಬೇಕಾಗ್ತೈತಿ” ಎಂದರು.

ಬಟ್ಟೆಯ ಬಣ್ಣ ಯಾವುದಿರಲಿ ಎಂದು ಗಿರಿಜೆಯನ್ನು ಕೇಳಿದೆ. “ಹತ್ತದ ಗಾಡಿ ಬಣ್ಣ ನನಗ್ಯಾಕ?” ಎಂದಳು. ಹತ್ತು ನಿಮಿಷದ ಮೇಲೆ ಅಡಿಗೆಮನೆಯಿಂದ ಇನ್ನೊಂದು ಮಾತು ಬಂತು: “ಬೂದಿ ಬಣ್ಣ ಬ್ಯಾಡ.” ನನಗೆ ಜೀವ ಬಂದಂತಾಯಿತು. ಹಗರಿಬೊಮ್ಮನಹಳ್ಳಿಗೆ ಹೋಗಿ, ಸ್ಪಂಜು ಅಂಟಿಸಿದ ಕೆನೆಬಣ್ಣದ ಬಟ್ಟೆ ತಂದೆ.

ಭಾನುವಾರ ಬೆಳಿಗ್ಗೆ ಕೆಲಸ ಶುರು. ಹಿಡಿಕೆ, ದೀಪ, ಬಿಸಿಲು ತಡೆಯುವ ಹಲಗೆಗಳನ್ನೆಲ್ಲ ಬಿಚ್ಚಿದ ಮೇಲೆ, ಬಟ್ಟೆ ಅಂಟಿಸಿದ್ದ ದೊಡ್ಡ ರಟ್ಟನ್ನು ಹಿಂದಿನ ಬಾಗಿಲಿನಿಂದ ಹೊರಗೆಳೆಯಬೇಕು. ಅದು ಒಳಗೆ ಹೇಗೆ ಹೋಗಿತ್ತೋ, ಬರುವುದಕ್ಕಂತೂ ಒಪ್ಪಲಿಲ್ಲ. ಹುಸೇನ್‌ಸಾಬರು ಹೊರಗಿನಿಂದ ಎಳೆದರು. ನಾನು ಒಳಗೆ ಅಂಗಾತ ಮಲಗಿ ಕಾಲಿನಿಂದ ತಳ್ಳಿದೆ. ಅದೇ ಹೊತ್ತಿಗೆ ನನ್ನ ಹತ್ತನೆಯ ತರಗತಿಯ ಮೂವರು ವಿದ್ಯಾರ್ಥಿನಿಯರು ಹಾದುಹೋದರು. ಕಾರಿನ ಕಿಟಕಿಯಲ್ಲಿ ಕಂಡ ನನ್ನ ಪಾದಗಳಿಗೆ, “ನಮಸ್ಕಾರ ಸರ್” ಎಂದರು. ಪಾದದಿಂದಲೇ ಗುರುತು ಹಿಡಿದರೆಂದರೆ ತರಗತಿಯಲ್ಲಿ ಅವರು ಎಷ್ಟು ತಲೆ ತಗ್ಗಿಸಿ ಕೂರುತ್ತಾರೆಂದು ಯೋಚಿಸಿ.

ರಟ್ಟನ್ನು ಕಟ್ಟೆಯ ಮೇಲಿಟ್ಟು, ಹಳೆಯ ಸ್ಪಂಜನ್ನು ಬ್ರಷ್ಷಿನಿಂದ ಉಜ್ಜಿ ತೆಗೆದೆವು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಹಳದಿ. ಆಮೇಲೆ ಅಂಟು ಹಚ್ಚುವ ಹೊತ್ತು. ಬ್ರಷ್ಷು ಅದ್ದುವ ಮೊದಲು ಹುಸೇನ್‌ಸಾಬರು ಕೇಳಿದರು: “ಮೇಡಂ ಯಾ ಕಡಿ ಕುಂದರ್ತಾರ?”

“ಎಡಕ್ಕ.”

“ಹಂಗಾರ ಎಡಗಡಿ ನಾ ನೋಡ್ಕೊಂತೀನಿ, ಬಲಗಡಿ ನೀವು. ನಡುವಿನಿಂದ ಅಂಚಿಗೆ ಒತ್ಗೊಂತ ಹೋಗ್ರಿ. ರೊಟ್ಟಿ ಬಡದಂಗಲ್ಲ. ಕೂಸಿಗೆ ಎಣ್ಣಿ ಹಚ್ಚಿದಂಗ.”

ನಾನು ಹಾಗೆಯೇ ಒತ್ತಿದೆ ಎಂದು ಈಗಲೂ ವಾದಿಸುತ್ತೇನೆ. ಆದರೂ ರಟ್ಟನ್ನು ಮತ್ತೆ ಕಾರಿನೊಳಗೆ ಕೂರಿಸುವ ಹೊತ್ತಿಗೆ ಎಡಗಡೆ ಕೆನೆಯಂತೆ ನುಣುಪಾಗಿದ್ದರೆ, ಬಲಗಡೆ ಸರಿಯಾಗಿ ಡ್ರೈವರನ ತಲೆಯ ಮೇಲೆ ಒಂದು ವಡೆಯಷ್ಟು ಉಬ್ಬು ನಿಂತಿತು.

“ಇದೇನ್ರಿ ಮಾಸ್ತರ?”

“ಗಾಳಿ.”

“ಗಾಳಿ ಅನ್ನೋದು ಗೊತ್ತಾತು. ಒಳಗ ಯಾಕ ಬಿಟ್ರಿ ಅಂತ ಕೇಳಿದೆ.” ಅವರು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ ಕೈ ತೆಗೆದರು. “ಈಗ ಕಿತ್ತರ ಎಲ್ಲಾ ಕಿತ್ತು ಬರ್ತೈತಿ. ಅಂಟು ಆರಾಕ ಎರಡು ದಿನ ಬೇಕು. ಅಲ್ಲೀತನಕ ಗಾಡಿ ತೆಗೀಬ್ಯಾಡ್ರಿ.”

ಮರುದಿನವೇ ಗಿರಿಜೆಗೆ ಹಡಗಲಿಯಲ್ಲಿ ಸಭೆಯಿತ್ತು. ಬೆಳಿಗ್ಗೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟವಳ ಮುಂದೆ ಕಾರು ತಂದು ನಿಲ್ಲಿಸಿ, ಎಡಬಾಗಿಲು ತೆರೆದೆ. ಎರಡು ದಿನ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ. ಅವಳು ಬಗ್ಗಿ ಒಳಗೆ ನೋಡಿದಳು. ಮಕ್ಕಳ ಕಾಪಿಪುಸ್ತಕ ತಿದ್ದುವವರ ಕಣ್ಣು ಅದು. ಅಂಚು, ಮೂಲೆ, ದೀಪದ ಸುತ್ತ ಎಲ್ಲ ನೋಡಿತು. ಕೊನೆಗೆ ನನ್ನ ತಲೆಯ ಮೇಲಿನ ವಡೆಯ ಹತ್ತಿರ ನಿಂತಿತು.

“ಇದು ನೀವು ಮಾಡಿದ್ದು” ಎಂದಳು. ಪ್ರಶ್ನೆಯಲ್ಲ.

“ಹೌದು.”

“ಈ ಕಡಿ ಹುಸೇನ್‌ಸಾಬ್ರು.”

“ಹೌದು. ನೀ ಕುಂದ್ರೊ ಕಡಿ ಅಂತ ಅವರ ಕೈಯಾಗ ಕೊಟ್ಟೆ.”

ಅವಳು ಹತ್ತಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, “ನಡ್ರಿ” ಎಂದಳು.

ಊರು ದಾಟಿದ ಮೇಲೆ ಅವಳ ಕಣ್ಣು ಮತ್ತೆ ಮತ್ತೆ ಆ ಉಬ್ಬಿನ ಕಡೆಗೇ ಹೋಗತೊಡಗಿತು. ತಪ್ಪು ಲೆಕ್ಕವನ್ನು ಹಾಗೇ ಬಿಟ್ಟು ಕೂರುವ ಜೀವ ಅದಲ್ಲ. ಕೈ ಚಾಚಿ ಎರಡು ಬೆರಳಿನಿಂದ ಒತ್ತಿದಳು. ಅಂಟು ಇನ್ನೂ ಹಸಿಯಿತ್ತು. ಉಬ್ಬು ಅಲ್ಲಿಂದ ಒಂದು ಗೇಣು ಹಿಂದೆ ಸರಿಯಿತು. ಮತ್ತೆ ಒತ್ತಿದಳು, ಮತ್ತೆ ಸರಿಯಿತು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಲು ಹೇಳಿ, ಬೆಲ್ಟು ಬಿಚ್ಚಿ, ಸೀಟಿನ ಮೇಲೆ ಹಿಂದುಮುಂದಾಗಿ ಮೊಣಕಾಲೂರಿ, ಎರಡೂ ಕೈಯಿಂದ ಅದನ್ನು ಅಟ್ಟಿದಳು. ಇಸ್ತ್ರಿಯ ಸೀರೆ ಮುದುಡಿತು, ತುರುಬು ಸಡಿಲವಾಯಿತು. ನಗು ತಡೆಯಲಾಗದೆ ಒಮ್ಮೆ ನನ್ನ ಹೆಗಲು ಹಿಡಿದುಕೊಂಡಳು. ಕೊನೆಗೆ ಉಬ್ಬು ಹಿಂದಿನ ಸೀಟಿನ ಮೇಲೆ, ಮೂಲೆಯಲ್ಲಿ ಹೋಗಿ ನಿಂತಿತು. ಅಲ್ಲಿಂದ ಮುಂದೆ ಹೋಗಲು ಅದಕ್ಕೂ ದಾರಿಯಿರಲಿಲ್ಲ.

“ಇನ್ನ ಅಲ್ಲೇ ಇರ್ಲಿ ಬಿಡ್ರಿ” ಎಂದು ತಿರುಗಿ ಕೂತು ಸೆರಗು ಸರಿಮಾಡಿಕೊಂಡಳು. “ಅಲ್ಲಿ ಯಾರೂ ಕುಂದರಂಗಿಲ್ಲ.”

ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಪ್ರತಿಯೊಂದು ಸಮಸ್ಯೆಗೂ ಉತ್ತರ ಇರಲೇಬೇಕೆಂಬ ಹಟವಿತ್ತು. ಸಂಸಾರ ಇಷ್ಟು ಕಾಲ ನಡೆದು ಬಂದದ್ದು ಬಹುಶಃ ಗಿರಿಜೆಯ ವಿಧಾನದಲ್ಲಿಯೇ ಇರಬೇಕು. ಈಗ ಯಾರಾದರೂ ಹಿಂದಿನ ಸೀಟಿನಲ್ಲಿ ಕೂರಲು ಬಂದರೆ, ಇಬ್ಬರೂ ಒಟ್ಟಿಗೆ, “ಆ ಕಡಿ ಬ್ಯಾಡ, ಈ ಕಡಿ ಕುಂದರ್ರಿ” ಎನ್ನುತ್ತೇವೆ.