ದಡಿಯ ನಕ್ಷೆ ಉಳಿಸಿದ ರಿಪೇರಿಯವರು

ಪುಕ್ಕಟೆ ಆಟವೆಂದು ನೆಟ್‌ನಿಂದ ಇಳಿಸಿಕೊಂಡು ಕ್ಲಿಕ್ ಮಾಡಿದ ಅತಿಬುದ್ಧಿಯ ಶಾಣ್ಯಾ ನಾನೇ. ಅದರೊಳಗೆ ಟ್ರೋಜನ್ ಎಂಬ ವೈರಸ್ ಅಡಗಿತ್ತು; ಮನೆಯ ಕಂಪ್ಯೂಟರ್ ಕೆಟ್ಟು ನಿಂತಿತು. ಅಪ್ಪ ವರ್ಷಗಟ್ಟಲೆ ಕೂತು ಬಿಡಿಸಿದ ಇಳಕಲ್ ಸೀರೆ ದಡಿಯ ನಕ್ಷೆಗಳೆಲ್ಲ ಅದೇ ಕಂಪ್ಯೂಟರಿನಲ್ಲಿದ್ದವು. ರಿಪೇರಿಯವರಿಗೆ ಫೋನ್ ಹಚ್ಚಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ.

ಬಾಗಲಕೋಟೆಯಿಂದ ಬಂದ ರಿಪೇರಿಯವರು ಮೊದಲು ನೆಟ್‌ನ ವಾಯರ್ ಕಿತ್ತರು. "ಗಡಿಬಿಡಿ ಬ್ಯಾಡ್ರಿ" ಎನ್ನುತ್ತ ಬೇಕಾದಷ್ಟೇ ಪ್ರೋಗ್ರಾಂ ಓಡುವ ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ಚಾಲೂ ಮಾಡಿ, ಆಂಟಿವೈರಸ್ ಸಿ.ಡಿ. ಹಾಕಿದರು. ಅವರು ಮೂಗು ತಿಕ್ಕಿದಾಗಲೆಲ್ಲ ನಾನು ಒಂದೊಂದು ಹೆಜ್ಜೆ ಬಾಗಿಲ ಕಡೆ ಸರಿದೆ. ಸಿಕ್ಕ ಟ್ರೋಜನ್ನನ್ನು ಅಳಿಸಿದರು. "ಗಡಿಬಿಡಿ ಬ್ಯಾಡ್ರಿ" ಎಂದು ಮತ್ತೊಮ್ಮೆ ಹುಡುಕಿಸಿ, ಆಮೇಲೆ ನಕ್ಷೆ ತೆರೆದರು. ಎಲ್ಲವೂ ಇದ್ದವು.

ಅವ್ವ ಕೇಳಿದಳು: "ದೃಷ್ಟಿ ಆಗೇದೇನೋ, ಕಂಪ್ಯೂಟರಿಗೆ ನಿಂಬಿಹಣ್ಣ ಕಟ್ಟಲೇನ್ರಿ?"

"ಕಂಪ್ಯೂಟರಿಗ್ಯಾಕ್ರಿ ಅಕ್ಕಾರ? ನಿಮ್ಮ ಮಗನ ಬೆರಳಿಗೆ ಕಟ್ರಿ."